ಎಡಪಕ್ಕದ ಜಾಗ

"ಹೆಣದ ಥರ ಕೂತ್ರೆ ಹೆಂಗಜ್ಜಿ? ಒಂಚೂರು ನಗಿ," ಎಂದ ಫೋಟೋ ಅಂಗಡಿಯ ಥಾಕ್.

"ಹೆಣ ಆದ್ಮೇಲೆ ಇಡೋ ಫೋಟೋ ತಾನೆ. ಈಗ್ಲಿಂದ್ಲೇ ರೂಢಿ ಮಾಡ್ಕೋತಿದೀನಿ," ಎಂದಳು ದೊಡ್ಡಮ್ಮ, ತುಟಿ ಅಲ್ಲಾಡಿಸದೆ.

ಬಿಳಿ ಕೊಡೆಯೊಳಗಿನ ದೀಪ ಹೊತ್ತಿ ಆರಿತು. ಗೋಡೆಗೊರಗಿ ನಿಂತಿದ್ದ ಇನ್‌ಸೊಪ್‌ನಿಗೆ ಆ ಒಂದು ಕ್ಷಣ ದೊಡ್ಡಮ್ಮನ ಮುಖ ಕೋಣೆಯಿಂದಲೇ ಅಳಿಸಿಹೋಗಿ, ಆಮೇಲೆ ಏನೋ ಮನಸ್ಸು ಬದಲಾಯಿಸಿದಂತೆ ನಿಧಾನವಾಗಿ ಮರಳಿ ಮೂಡಿದಂತೆ ಕಂಡಿತು.

ವಸಂತ ಬಂತೆಂದರೆ ಮಿರ್ಯಾಂಗ್ ಊರಿನ ಮುದುಕ ಮುದುಕಿಯರು ಹೀಗೆ ಬಂದು, ತಮ್ಮ ಸಾವಿನ ಫೋಟೋ ತೆಗೆಸಿ, ಕಪ್ಪು ಕಟ್ಟು ಹಾಕಿಸಿಕೊಂಡು ಹೋಗಿ ಬೀರುವಿನ ಹಿಂದೆ ಇಟ್ಟುಕೊಳ್ಳುತ್ತಾರೆ. ಮೊದಲೇ ತೆಗೆಸಿಟ್ಟರೆ ಆಯಸ್ಸು ಹೆಚ್ಚಂತೆ. ಥಾಕ್‌ನ ಆಯಸ್ಸಂತೂ ಅದರ ಮೇಲೆಯೇ ನಡೆಯುತ್ತಿತ್ತು.

ರೇಷ್ಮೆ ಕುಪ್ಪಸ ಇದ್ದದ್ದು ಒಂದೇ. ಇನ್‌ಸೊಪ್‌ನ ಅಪ್ಪ ಜೀವಮಾನದಲ್ಲಿ ಮನೆಗೆ ತಂದ ರೇಷ್ಮೆ ಅದೊಂದೇ. ಯಾರಿಗೆ ಎಂದು ಹೇಳದೆ ಜಗಲಿಯ ಮೇಲಿಟ್ಟು ಕೈಕಾಲು ತೊಳೆಯಲು ಹೋಗಿದ್ದ.

"ಬೇಗ ಬಿಚ್ಚಕ್ಕ. ಬೆವರು ಹಿಡಿಸ್ಬಿಡ್ತೀಯ," ಎಂದಳು ತನ್ನ ಸರದಿಗೆ ಕಾಯುತ್ತಿದ್ದ ಚಿಕ್ಕಮ್ಮ.

"ನಾನು ಬಳಸಿದ್ದನ್ನ ಹಾಕ್ಕೊಳ್ಳೋದು ನಿಂಗೇನ್ ಹೊಸದೇನೆ?"

ಚಿಕ್ಕಮ್ಮ ಕಿಲಕಿಲ ನಕ್ಕಳು. ಇಬ್ಬರೂ ಪರದೆಯ ಹಿಂದೆ ಹೋದರು. ಒಂದೇ ಕುಪ್ಪಸ, ನಾಲ್ಕು ಕೈ. ಪರದೆ ಬಸುರಿಯ ಹೊಟ್ಟೆಯಂತೆ ಅಲ್ಲಲ್ಲಿ ಉಬ್ಬಿ ಒದೆಯಿತು.

"ಮೇಷ್ಟ್ರೇ, ಅಲ್ಲೀತನಕ ನೀವು ಕೂತ್ಕೊಳ್ಳಿ. ಬೆಳಕು ನೋಡ್ಕೋತೀನಿ."

ಇನ್‌ಸೊಪ್ ಕೂತ. ಕುರ್ಚಿ ಇನ್ನೂ ಬೆಚ್ಚಗಿತ್ತು. ಅಭ್ಯಾಸಬಲದಿಂದ ನಕ್ಕ.

"ನೋಡಿ ಅಜ್ಜಿ, ಹಿಂಗೆ ನಗ್ಬೇಕು," ಎಂದು ಥಾಕ್ ಪರದೆಗೆ ಹೇಳಿದ.

ತೇಗು ನಗರದ ಕಾಲೇಜೊಂದರಲ್ಲಿ ಇನ್‌ಸೊಪ್ ತರ್ಕಶಾಸ್ತ್ರ ಕಲಿಸುತ್ತಾನೆ. ಒಂದು ಮಾತು ನಿಜ, ಇಲ್ಲವೇ ಅದರ ವಿರುದ್ಧದ ಮಾತು ನಿಜ. ನಡುವೆ ಜಾಗವಿಲ್ಲ ಎಂದು ವರ್ಷಕ್ಕೊಮ್ಮೆ ಕಪ್ಪುಹಲಗೆಯ ಮೇಲೆ ಬರೆದು ಒರೆಸುತ್ತಾನೆ. ಹುಟ್ಟಿದ್ದು ಮಾತ್ರ ಆ ನಡುವಿನಲ್ಲೇ. ಅಪ್ಪನಿಗೆ ದೊಡ್ಡಮ್ಮ, ಚಿಕ್ಕಮ್ಮ ಎಂದು ಇಬ್ಬರು ಹೆಂಡಿರು, ಒಬ್ಬನೇ ಮಗ. ಆ ಕಾಲದಲ್ಲಿ ಯಾರು ಹೆತ್ತರೂ ಸರ್ಕಾರದ ಲೆಕ್ಕದಲ್ಲಿ ಕೂಸು ದೊಡ್ಡ ಹೆಂಡತಿಯದೇ. ಆದ್ದರಿಂದ ಸರ್ಕಾರವನ್ನು ಕೇಳಿ ಉಪಯೋಗವಿಲ್ಲ. ಸೂಲಗಿತ್ತಿ ಸತ್ತು ಯಾವ ಕಾಲವಾಯಿತೋ. ರಕ್ತಪರೀಕ್ಷೆ ಮಾಡಿಸಬಹುದಿತ್ತು, ಆದರೆ ಅವನಿಗೆ ಬೇಕಾಗಿದ್ದದ್ದು ರಕ್ತದ ಮಾತಲ್ಲ, ಬಾಯಿಯ ಮಾತು.

ಅಪ್ಪ ಬದುಕಿರುವವರೆಗೆ ಇದು ತೊಂದರೆಯಾಗಿರಲಿಲ್ಲ. ಇಬ್ಬರೂ ತಾನೇ ಹೆತ್ತವಳೆಂದು ಬಟ್ಟಲಿಗೆ ಅನ್ನ ತುಂಬುವಾಗೆಲ್ಲ ಜಗಳವಾಡುತ್ತಿದ್ದರು. ಅವನು ಎರಡೂ ಬಟ್ಟಲು ಉಂಡು ದಪ್ಪಗಾದ. ಸಾಯುವ ದಿನ ಅಪ್ಪ ಕಣ್ಣು ಮುಚ್ಚಿಕೊಂಡೇ ಒಂದು ಮಾತಾಡಿದ:

"ಹೆತ್ತವಳಿಗೆ ಮಗ ಇದಾನೆ. ಹೆರದವಳು ನನ್ನ ಪಕ್ಕದಲ್ಲಿ ಮಲಗ್ಲಿ."

ಗುಡ್ಡದ ಮೇಲೆ ಅಪ್ಪನ ಗೋರಿಗೆ ಎಡಪಕ್ಕ ಜಾಗ ಬಿಟ್ಟಿದ್ದರು. ಒಬ್ಬಳಿಗಾಗುವಷ್ಟು.

ಎಂಟನೇ ದಿನಕ್ಕೆ ದೊಡ್ಡಮ್ಮ ಸೌತೆಕಾಯಿ ಹೆಚ್ಚುತ್ತಾ, "ನಿನ್ನ ಹೆತ್ತೋಳು ನಾನಲ್ಲ ಕಣೋ," ಎಂದಳು, ಉಪ್ಪು ಸಾಲದು ಎನ್ನುವ ದನಿಯಲ್ಲಿ. ಸಂಜೆಗೆ ಚಿಕ್ಕಮ್ಮ, "ಅಯ್ಯೋ, ನನ್ನ ಸೊಂಟ ನೋಡಿದ್ರೆ ಗೊತ್ತಾಗಲ್ವೇನಪ್ಪ? ಹೆತ್ತ ಸೊಂಟಾನ ಇದು?" ಎಂದಳು. ಅಂದಿನಿಂದ ಇಬ್ಬರೂ ಅವನನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತಲೇ ಇದ್ದಾರೆ, ನೆಂಟರ ಮನೆಯಲ್ಲಿ ಕೊನೆಯ ಕಡುಬನ್ನು ಒಪ್ಪಿಸಿದ ಹಾಗೆ.

ಇವತ್ತು ಒಬ್ಬಳ ಬಾಯಿಂದಾದರೂ 'ನಾನು ಹೆತ್ತೆ' ಎನ್ನಿಸಿಯೇ ಹಿಂದಿರುಗುವುದು ಎಂದು ಅವನು ನಿರ್ಧರಿಸಿದ್ದ. ಕೇಳುವ ಪ್ರಶ್ನೆಯನ್ನು ಬರುವಾಗ ಕಾರಿನಲ್ಲಿ ಒಬ್ಬನೇ ಗಟ್ಟಿಯಾಗಿ ಅಭ್ಯಾಸ ಮಾಡಿದ್ದ. ಪ್ರತಿ ಸಲವೂ ಪ್ರಶ್ನೆ ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸಿತ್ತು.

ಎದುರಿನ ಹೋಟೆಲಿನಲ್ಲಿ ತಣ್ಣನೆ ಶಾವಿಗೆ ತಿಂದು ಬರುವಷ್ಟರಲ್ಲಿ ಫೋಟೋಗಳು ಸಿದ್ಧವಾಗಿದ್ದವು. ಒಂದೇ ಕುಪ್ಪಸದ ಮೇಲೆ ಎರಡು ತಲೆ. ಥಾಕ್ ಮೂರನೆಯದೊಂದನ್ನೂ ಕಟ್ಟಿಟ್ಟಿದ್ದ.

"ಮೇಷ್ಟ್ರು ಭಾಳ ಚೆನ್ನಾಗಿ ಬಂದಿದಾರೆ. ಬಿಸಾಕೋಕೆ ಮನಸ್ಸಾಗ್ಲಿಲ್ಲ. ಇದು ನಮ್ಮ ಕಡೆಯಿಂದ ಪುಕ್ಕಟೆ. ಕಟ್ಟೂ ಪುಕ್ಕಟೆ."

ಅವನ ಬಳಿ ಇದ್ದದ್ದು ಕಪ್ಪು ಕಟ್ಟುಗಳು ಮಾತ್ರ.

ಇನ್‌ಸೊಪ್ ತನ್ನನ್ನು ನೋಡಿದ. ಕಪ್ಪು ಕಟ್ಟಿನೊಳಗೆ ಅವನು ಯಾವ ತಕರಾರೂ ಇಲ್ಲದವನಂತೆ ನಗುತ್ತಿದ್ದ. ತಾನು ಇಷ್ಟು ನೆಮ್ಮದಿಯಿಂದ ಇದ್ದದ್ದು ಯಾವಾಗ ಎಂದು ನೆನಪಾಗಲಿಲ್ಲ.

ಕಾರು ಹೊಳೆದಂಡೆಯಲ್ಲಿ ಅಪ್ಪನ ಗೋರಿಯ ಗುಡ್ಡದ ಕಡೆಗೆ ಸಾಗಿತು. ಗಾಳಿಯಲ್ಲಿ ಹಳದಿ ಧೂಳು. ಬೆಟ್ಟಗಳು ನೀರಿನಲ್ಲಿ ನೆನೆದ ಕಾಗದದಂತೆ ಮೆತ್ತಗಾಗಿದ್ದವು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು, ಮಡಿಲಲ್ಲಿ ಮೂರು ಮುಖ. ಕುಪ್ಪಸ ಚಿಕ್ಕಮ್ಮನ ಮೈಮೇಲೆಯೇ ಉಳಿದಿತ್ತು.

"ಇನ್‌ಸೊಪಾ," ಎಂದಳು ದೊಡ್ಡಮ್ಮ. "ನಿಮ್ಮಪ್ಪನ ಥರ ಮಾತಾಡೋ. ಕೇಳಿ ಎಷ್ಟು ದಿನ ಆಯ್ತು."

ಚಿಕ್ಕಂದಿನಿಂದ ಅವನಿಗೆ ಬರುತ್ತಿದ್ದ ಆಟ ಅದೊಂದೇ. ಅಪ್ಪ ಬಾಗಿಲ ಹೊರಗೆ ನಿಂತು ಎರಡು ಸಲ ಕೆಮ್ಮುತ್ತಿದ್ದ, ಒಂದು ಗಿಡ್ಡ, ಒಂದು ಉದ್ದ. ಒಳಗೆ ಇಬ್ಬರು ಹೆಂಗಸರೂ ಕೂದಲು ಸವರಿಕೊಂಡು ಬಟ್ಟೆ ಸರಿಮಾಡಿಕೊಳ್ಳುತ್ತಿದ್ದರು. ಹುಡುಗ ಇನ್‌ಸೊಪ್ ಹಿತ್ತಿಲಲ್ಲಿ ಕೆಮ್ಮಿದರೂ ಸಾಕಾಗಿತ್ತು.

ಈಗ ಸ್ಟಿಯರಿಂಗ್ ಹಿಡಿದು ಕೆಮ್ಮಿದ. ಕನ್ನಡಿಯಲ್ಲಿ ಎರಡು ಕೈಗಳು ಎರಡು ತಲೆಗಳಿಗೆ ಹೋದವು.

"ಏನ್ ಹೆಂಗಸ್ರಪ್ಪ ನೀವು. ಮೂರು ವರ್ಷ ಆಯ್ತು, ಪಕ್ಕ ಖಾಲಿ ಹೊಡೀತಿದೆ. ಚಳಿ."

ಇಬ್ಬರೂ ನಕ್ಕರು. ಚಿಕ್ಕಮ್ಮ ಕಣ್ಣೊರೆಸಿಕೊಂಡಳು. "ಬರ್ತೀನಿ ಇರಿ," ಎಂದಳು.

"ನೀನಲ್ಲ ಕಣೆ, ನಾನು," ಎಂದಳು ದೊಡ್ಡಮ್ಮ.

ಇದೇ ಸಮಯ ಎನ್ನಿಸಿತು. ಅವನ ಗಂಟಲಲ್ಲಿ ಅಪ್ಪ ಇನ್ನೂ ಕೂತಿದ್ದ.

"ಸರಿ, ನಿಜ ಹೇಳಿ ಮತ್ತೆ. ಆ ಹುಡುಗನ್ನ ಹೆತ್ತೋರು ಯಾರು?"

ಟೈರಿನ ಸದ್ದು. ಸೇತುವೆ ಬಂದು ಹೋಯಿತು.

"ನಿಮಗೇ ಗೊತ್ತಿರ್ಬೇಕಲ್ಲ," ಎಂದಳು ದೊಡ್ಡಮ್ಮ, ಗಂಡನಿಗೆ ಹೇಳುವ ದನಿಯಲ್ಲಿ. "ದೀಪ ಹಚ್ಚೋಕೂ ಬಿಡ್ತಿರ್ಲಿಲ್ಲ ನೀವು."

ಚಿಕ್ಕಮ್ಮ ಕಿಟಕಿಯ ಗಾಜು ಏರಿಸಿದಳು. "ಧೂಳು," ಎಂದಳು.

ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ ಹತ್ತಿದರು. ಹನ್‌ಶಿಕ್ ಎಂಬ ಗೋರಿಪೂಜೆಯ ದಿನವಾದ್ದರಿಂದ ಅಕ್ಕಪಕ್ಕದ ಗೋರಿಗಳಲ್ಲೂ ಜನ ಕುಕ್ಕರಗಾಲಲ್ಲಿ ಕೂತು ಹುಲ್ಲು ಕೀಳುತ್ತಿದ್ದರು. ಯಾರೋ ದೂರದಲ್ಲಿ ಸತ್ತವರಿಗೆ ಈ ವರ್ಷದ ಸುದ್ದಿ ಒಪ್ಪಿಸುತ್ತಿದ್ದರು. ಇನ್‌ಸೊಪ್ ಚಾಪೆ ಹಾಸಿದ, ಮೊಟ್ಟೆ ಮತ್ತು ಅಕ್ಕಿ ಕಡುಬಿನ ಡಬ್ಬಿ ಇಟ್ಟ. ಅಪ್ಪನಿಗೆ ಸುರಿಯಬೇಕಾದ ಅಕ್ಕಿ ಹೆಂಡ ಮಕ್‌ಗೊಲ್ಲಿ ಕಾರಿನಲ್ಲೇ ಉಳಿದಿತ್ತು.

"ತಗೊಂಡ್ ಬಾ ಹೋಗು. ಬರೀ ಮೊಟ್ಟೆ ಇಟ್ರೆ ನಿಮ್ಮಪ್ಪ ಎದ್ದು ಬರ್ತಾರೆ ಅಷ್ಟೆ," ಎಂದಳು ದೊಡ್ಡಮ್ಮ.

ಅವನು ಇಳಿಯುವಾಗ ಇಬ್ಬರೂ ತಮ್ಮ ತಮ್ಮ ಫೋಟೋ ಬಿಚ್ಚುತ್ತಿದ್ದರು. ಎಡಪಕ್ಕದ ಜಾಗದಲ್ಲಿ ಯಾರದು ಒಪ್ಪುತ್ತದೆಂದು ಇಟ್ಟು ನೋಡುವುದಂತೆ. ಒಬ್ಬಳು ಇಟ್ಟದ್ದನ್ನು ಇನ್ನೊಬ್ಬಳು ಎತ್ತುವ ಸದ್ದು ಬಹಳ ದೂರ ಅವನ ಹಿಂದೆ ಬಂತು.

ಬಾಟಲಿ ಹಿಡಿದು ಮರಳಿ ಹತ್ತುವಾಗ ಸದ್ದು ನಿಂತಿತ್ತು. ಅವನಿಗೆ ಭಯವಾಯಿತು. ಪೈನ್ ಮರಗಳ ಬಳಿಯ ತಿರುವಿನಲ್ಲಿ ನಿಂತು ನೋಡಿದ.

ಅವರ ಫೋಟೋಗಳು ಚಾಪೆಯ ಮೇಲೆ ಬೋರಲು ಬಿದ್ದಿದ್ದವು. ಎಡಪಕ್ಕದ ಜಾಗದಲ್ಲಿ, ಕಿತ್ತ ಹುಲ್ಲನ್ನು ಒತ್ತುಕೊಟ್ಟು, ಅವನನ್ನು ನಿಲ್ಲಿಸಿದ್ದರು. ಕಪ್ಪು ಕಟ್ಟಿನೊಳಗಿಂದ ಅವನು ಕಣಿವೆಯನ್ನು ನೋಡಿ ನಗುತ್ತಿದ್ದ. ಆಚೆ ಈಚೆ ಕೂತು ಇಬ್ಬರೂ ಒಂದೇ ಮೊಟ್ಟೆ ಸುಲಿಯುತ್ತಿದ್ದರು.

"ಇವನೇ ಸರಿ ಬಿಡು ಇಲ್ಲಿಗೆ. ಜಗಳ ಇರಲ್ಲ," ಎನ್ನುತ್ತಿದ್ದಳು ದೊಡ್ಡಮ್ಮ. "ನಗು ನೋಡೇ, ನಿಂದೇ."

"ಹೋಗಕ್ಕ. ಮೂಗು ನೋಡು. ಅಚ್ಚು ನಿಂದೇ."

"ನಿಂದು."

"ನಿಂದು."

ಗಾಜಿನ ಮೇಲೆ ಹಳದಿ ಧೂಳು ಕೂತಿತ್ತು. ಚಿಕ್ಕಮ್ಮ ರೇಷ್ಮೆಯ ತೋಳಿನಿಂದ ಅದರ ಕೆನ್ನೆ ಒರೆಸಿದಳು. ದೊಡ್ಡಮ್ಮ ಮೊಟ್ಟೆಯ ಅರ್ಧ ಮುರಿದು ಅದರ ಮುಂದಿಟ್ಟಳು. ಅಷ್ಟು ಮೆಲ್ಲಗೆ ಅವರು ಏನನ್ನಾದರೂ ಮುಟ್ಟಿದ್ದನ್ನು ಅವನು ನೋಡಿರಲಿಲ್ಲ.

ಕರೆಯಬೇಕೆಂದು ಬಾಯಿ ತೆರೆದ. ಇಬ್ಬರಲ್ಲಿ ಯಾರನ್ನು, ಏನೆಂದು ಕರೆಯುವುದೋ ತಿಳಿಯಲಿಲ್ಲ. ಹೊರಬಂದದ್ದು ಕೆಮ್ಮು. ಒಂದು ಗಿಡ್ಡ, ಒಂದು ಉದ್ದ.

ಇಬ್ಬರೂ ಬೆಚ್ಚಿ, ಕೂದಲು ಸವರಿಕೊಂಡು, ಬಟ್ಟೆ ಸರಿಮಾಡಿಕೊಂಡು, ಗೋರಿಯ ಕಡೆಗೆ ತಿರುಗಿ ಕೂತರು.