ಮೇಲಿನ ಬಾಣ, ಮೂರು ಸಲ

ನೀರು ಸರಬರಾಜಿನ ಕಟ್ಟಡದಲ್ಲಿ ಅವಳಿಗೆ ಮೂರ್ಬಾಣ ಎಂದು ಹೆಸರಿಟ್ಟಿದ್ದರು. ಕನ್ಸೋಲಿನ ಮುಂದೆ ಕೂತು ಗೇಟುಗಳನ್ನು ತೆರೆಯುವುದು, ಮುಚ್ಚುವುದು ಅವಳ ಕೆಲಸ. ಅಲ್ಲಿ ಒಮ್ಮೆ ಕೊಟ್ಟ ಆಜ್ಞೆಯನ್ನು ಎರಡನೇ ಸಲ ಬರೆಯಬೇಕಿಲ್ಲ. ಮೇಲ್ಮುಖದ ಬಾಣದ ಕೀ ಒತ್ತಿದರೆ ಹಿಂದಿನ ಆಜ್ಞೆ ತಾನಾಗಿ ಬಂದು ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಅದಕ್ಕೂ ಹಿಂದಿನದು. ಅವಳಿಗೆ ಕೆಲಸ ಕಲಿಸಿದ ಮೇಷ್ಟ್ರು ಒಂದು ಪಾಠ ಬಾಯಿಪಾಠ ಮಾಡಿಸಿದ್ದರು: ಮುಚ್ಚು, ನೋಡು, ಇನ್ನೊಮ್ಮೆ ನೋಡು, ಮತ್ತೆ ಮುಚ್ಚು. ಒಂದೊಂದೂ ಒಂದು ಆಜ್ಞೆ; ನೋಡು ಅಂದರೆ ಗೇಟಿನ ಸ್ಥಿತಿ ಕೇಳುವುದು. ಆ ಕೊನೆಯ ಮುಚ್ಚುವ ಆಜ್ಞೆಯನ್ನು ಅವಳು ಬರೆಯುತ್ತಿರಲಿಲ್ಲ. ಮೇಲಿನ ಬಾಣವನ್ನು ಟಕ ಟಕ ಟಕ ಎಂದು ಮೂರು ಸಲ ಒತ್ತಿ ಎಂಟರ್ ಹೊಡೆದು ಏಳುತ್ತಿದ್ದಳು. ಬಂದು ನಿಂತ ಆಜ್ಞೆ ಯಾವುದೆಂದು ಪರದೆ ಓದುವ ಗೊಡವೆಗೇ ಹೋಗುತ್ತಿರಲಿಲ್ಲ. ಹನ್ನೊಂದು ವರ್ಷ ಬೆರಳು ತಪ್ಪಿರಲಿಲ್ಲ, ಜಂಭವೂ ಕಡಿಮೆಯಿರಲಿಲ್ಲ.

ಇವತ್ತು ಪಂಪ್ ಕೋಣೆಯ ಹಳೆಯ ಕನ್ಸೋಲನ್ನು ತೆಗೆದುಹಾಕುವುದಿತ್ತು. ಊಟ ಮುಗಿಸಿ ಇಬ್ಬರು ಬಂದು ಹೊತ್ತುಕೊಂಡು ಹೋಗುವವರಿದ್ದರು. ಅದನ್ನು ಆರಿಸಿಡುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಬೆಳಿಗ್ಗೆ ಮೇಷ್ಟ್ರು ಮೆಟ್ಟಿಲ ಬಳಿ ತಡೆದು ನಿಲ್ಲಿಸಿದ್ದರು. "ತಂತಿ ಕಿತ್ತುಬಿಡಮ್ಮ, ಸಾಕು. ಅದನ್ನ ಕ್ರಮವಾಗಿ ಮುಗಿಸ್ತಾ ಕೂರಬೇಡ."

"ಯಾಕೆ ಸಾರ್?"

"ಆರಿದ ಗಾಯ ಕೆರೀಬಾರದು, ಅಷ್ಟೇ." ಅವರು ಅವಳ ಮುಖ ನೋಡಲಿಲ್ಲ. ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು, ಅದು ಸರಿಯಾಗಿಯೇ ಇತ್ತು.

ಒಂದು ವರ್ಷದಿಂದ ತಾನೊಬ್ಬಳೇ ಹೊತ್ತುಕೊಂಡಿದ್ದೇನೆ ಅಂದುಕೊಂಡಿದ್ದ ಅನುಮಾನ ಈ ಮನುಷ್ಯನಿಗೂ ಇತ್ತು.

ಹೋದ ವರ್ಷ ದೊಡ್ಡ ಕೊಳವೆಯ ಹೂಳು ತೆಗೆಯಲು ಇಳಿದವನು ಅವಳ ಭಾವ, ಅಕ್ಕನ ಗಂಡ. ಅಂದು ಅವಳು ದಿನಾ ಕೂರುವ ಮೇಲಿನ ಕೋಣೆಯ ಕನ್ಸೋಲು ಕೆಟ್ಟಿತ್ತು, ಅದಕ್ಕೇ ಅವಳು ಪಂಪ್ ಕೋಣೆಯದರಲ್ಲಿ ಕೂತಿದ್ದಳು. ಪರೀಕ್ಷೆಗೆಂದು ಆ ಕೊಳವೆಗೆ ನೀರು ಬಿಡುವ ನಾಲ್ಕನೇ ಗೇಟು ತೆರೆದಳು, ಮುಚ್ಚಿದಳು. ನೋಡಿದಳು, ಇನ್ನೊಮ್ಮೆ ನೋಡಿದಳು. ಬಾಣ ಮೂರು ಸಲ, ಎಂಟರ್. ಎದ್ದು ಕಿಟಕಿಯಿಂದ ಕೈ ಬೀಸಿದಳು. ಭಾವ ಕೆಳಗಿನಿಂದ ಹಲ್ಲು ಕಿರಿದು, ಅವಳ ಹಾಗೆಯೇ ಗಾಳಿಯಲ್ಲಿ ಮೂರು ಸಲ ಬೆರಳು ಕುಟ್ಟಿ ಅಣಕಿಸಿ ಇಳಿದ. ಹತ್ತು ನಿಮಿಷಕ್ಕೆ ಕೊಳವೆಯ ತುಂಬ ನೀರು ಬಂತು. ಅವಳು ಓಡಿಬಂದು ಗೇಟು ಮುಚ್ಚುವ ಹೊತ್ತಿಗೆ ಎಲ್ಲಾ ಮುಗಿದಿತ್ತು.

ವಿಚಾರಣೆಗೆ ಬಂದವರು ಮೇಲಿನ ಕೋಣೆಯ ಕಡತ ತೆರೆದು ನೋಡಿದರು. ಕಟ್ಟಡದ ಎಲ್ಲ ಕನ್ಸೋಲುಗಳ ಆಜ್ಞೆಗಳೂ ಬಂದು ಸೇರುವುದು ಅದಕ್ಕೇ. ಅಂದಿನದೇನೂ ಅದರಲ್ಲಿರಲಿಲ್ಲ. ಕೊಳವೆಯೊಳಗೂ ಗೇಟಿಗೊಂದು ಕೈಚಕ್ರ ಇದೆ. ಅವನೇ ಅದನ್ನು ತಪ್ಪಿ ತಿರುಗಿಸಿದ ಎಂದು ಬರೆದುಕೊಂಡು ಹೋದರು. ಸತ್ತವನ ತಲೆಗೆ ಕಟ್ಟುವುದು ಸುಲಭ, ಅವನು ಎದ್ದು ಬಂದು ಜಗಳ ಆಡುವುದಿಲ್ಲ. ತನ್ನ ಗುಂಡಿ ತಾನೇ ತೋಡಿಕೊಂಡ ಎಂದು ಊರು ಮಾತಾಡಿತು. ಅಕ್ಕನ ಮಗಳು ಒಂದು ದಿನ ಶಾಲೆಯಿಂದ ಬಂದು, "ಚಿಕ್ಕಮ್ಮಾ, ಅಪ್ಪ ಅಷ್ಟು ದಡ್ಡನಾ?" ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಇವಳ ಬಲಗೈ ತಾನಾಗಿ ಸೆರಗಿನೊಳಗೆ ಹೋಯಿತು.

ಒಂದು ವಿಷಯ ವಿಚಾರಣೆಯವರಿಗೆ ಗೊತ್ತಿರಲಿಲ್ಲ. ಕನ್ಸೋಲು ಆಜ್ಞೆಗಳನ್ನು ಮೊದಲು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. 'ಮುಗಿಸು' ಎಂದಾಗ ಮಾತ್ರ ಮೇಲಿನ ಕಡತಕ್ಕೆ ಕಕ್ಕುತ್ತದೆ. ತಂತಿ ಕಿತ್ತರೆ ಎಲ್ಲಾ ಹೊಟ್ಟೆಯಲ್ಲೇ ಸಾಯುತ್ತದೆ. ಪಂಪ್ ಕೋಣೆಯದನ್ನು ಅಂದಿನಿಂದ ಯಾರೂ ಮುಗಿಸಿರಲಿಲ್ಲ, ಯಾರೂ ಒಂದು ಕೀ ಒತ್ತಿರಲೂ ಇಲ್ಲ. ಇದು ಇವಳಿಗೆ ಗೊತ್ತಿತ್ತು. ಗೊತ್ತಿದ್ದೂ ವರ್ಷವಿಡೀ ಆ ಕೋಣೆಯ ಕಡೆ ತಲೆಹಾಕಿರಲಿಲ್ಲ.

ಕೋಣೆಯಲ್ಲಿ ಗ್ರೀಸಿನ ವಾಸನೆ. ಪರದೆಯ ಮೂಲೆಯಲ್ಲಿ ಹಸಿರು ಗೆರೆಯೊಂದು ಮಿಣುಕುತ್ತಿತ್ತು, ಒಂದು ವರ್ಷದಿಂದ ಹಾಗೇ ಮಿಣುಕುತ್ತಿತ್ತು. ಪ್ಲಗ್ಗು ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು, ಬಗ್ಗಿ ಎಳೆದರೆ ಆಯಿತು. ಎಳೆಯಲಿಲ್ಲ. ಮೇಲಿನ ಬಾಣದ ಮೇಲೆ ಬೆರಳಿಟ್ಟಳು, ಒಮ್ಮೆ ಒತ್ತಿದಳು.

ಮುಚ್ಚು 4.

ಅದು ಓಡಿಬಂದು ಕೊಟ್ಟದ್ದು, ನೆನಪಿತ್ತು. ಅದರ ಹಿಂದಿನದು ಮುಚ್ಚುವುದೋ ನೋಡುವುದೋ ಆಗಿರಲಿ, ಏನಾದರೂ ಆಗಿರಲಿ ಎಂದು ಕಣ್ಣು ಮುಚ್ಚಿ ಇನ್ನೊಮ್ಮೆ ಒತ್ತಿದಳು.

ತೆರೆ 4.

ಮತ್ತೆ ಒತ್ತಿದಳು: ನೋಡು 4. ಮತ್ತೆ: ಮುಚ್ಚು 4. ಮತ್ತೆ: ತೆರೆ 4, ಪರೀಕ್ಷೆಯದು. ಎರಡು ಸಲ ನೋಡಿದ್ದಳಲ್ಲ, ಇನ್ನೊಂದು 'ನೋಡು' ಎಲ್ಲಿ? ಆಗ ಹೊಳೆಯಿತು. ಮೇಲಿನ ಕೋಣೆಯ ಯಂತ್ರ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತದೆ. ಈ ಹಳೆಯದು ಒಂದೇ ಆಜ್ಞೆಯನ್ನು ಬೆನ್ನುಬೆನ್ನಿಗೆ ಎರಡು ಸಲ ಕೊಟ್ಟರೆ ಒಂದನ್ನಷ್ಟೇ ಇಟ್ಟುಕೊಳ್ಳುತ್ತದೆ. ಅಲ್ಲಿ ಮೂರನೇ ಬಾಣಕ್ಕೆ ಸಿಗುತ್ತಿದ್ದದ್ದು ಮುಚ್ಚು. ಇಲ್ಲಿ ಮೂರನೆಯದಕ್ಕೆ ಸಿಕ್ಕಿದ್ದು ತೆರೆ. ಭಾವನ ಪ್ರಾಣಕ್ಕೆಂದು ಎರಡೆರಡು ಸಲ ನೋಡಿದ್ದೇ ಅವನಿಗೆ ಮುಳುವಾಗಿತ್ತು. ಒಂದೇ ಒಂದು ಸಲ ಪರದೆ ಓದಿದ್ದರೆ ಸಾಕಿತ್ತು.

ಬಾಗಿಲು ಕಿರುಗುಟ್ಟಿತು. ಬಕೆಟ್ಟು, ಒರೆಸುವ ಬಟ್ಟೆ ಹಿಡಿದು ಅಕ್ಕ ಒಳಗೆ ಬಂದಳು. ಗಂಡ ಹೋದ ಮೇಲೆ ಅವಳಿಗೆ ಇಲ್ಲೇ ಕಸ ಗುಡಿಸುವ ಕೆಲಸ ಕೊಟ್ಟಿದ್ದರು.

"ಪುಟ್ಟಿ, ಇಲ್ಲೇನು ಮಾಡ್ತಿದೀಯ? ಮುಖ ಯಾಕೆ ಹಂಗಾಗಿದೆ?" ಅಕ್ಕ ಬಗ್ಗಿ ಪ್ಲಗ್ಗಿಗೆ ಕೈ ಹಾಕಿದಳು. "ಇದನ್ನ ಕೀಳಬೇಕಂತಲ್ಲ, ಮೇಷ್ಟ್ರು ಹೇಳಿದ್ರು. ಕೀಳ್ಲಾ?"

ಹೂಂ ಅಂದರೆ ಮುಗಿಯಿತು. ಅಕ್ಕನ ಕೈಯಿಂದಲೇ ಮುಗಿಯುತ್ತದೆ, ಹೊಸ ಯಂತ್ರ ಬರುತ್ತದೆ, ಅಕ್ಕ ಸಂಜೆ ಎಂದಿನಂತೆ ಬಂದು ಇವಳ ತಲೆ ಬಾಚುತ್ತಾಳೆ. ಆ ಹೂಂ ಇವಳ ಗಂಟಲವರೆಗೂ ಬಂತು.

"ಬೇಡ ಅಕ್ಕ, ಕೈ ತೆಗಿ," ಎಂದಳು. ಪರದೆಯಲ್ಲಿ ನಿಂತಿದ್ದ ಆಜ್ಞೆ ಅಳಿಸಿ 'ಮುಗಿಸು' ಎಂದು ಬರೆದಳು. ಈ ಸಲ ಒಂದೊಂದೇ ಅಕ್ಷರ ಓದಿ, ಎಂಟರ್ ಒತ್ತಿದಳು. ಪರದೆ ಕಪ್ಪಾಯಿತು. ಈಗ ಅದು ಮೇಲಿನ ಕಡತದಲ್ಲಿತ್ತು, ಯಾರು ಬೇಕಾದರೂ ಓದಬಹುದಿತ್ತು.

"ಅಕ್ಕ, ಭಾವ ಚಕ್ರ ತಿರುಗಿಸ್ಲಿಲ್ಲ. ಗೇಟು ತೆಗೆದಿದ್ದು ನಾನು. ಮುಚ್ಚೋಕೆ ಹೋಗಿ ತೆಗೆದೆ, ಓದದೆ ಒತ್ತಿದೆ."

ಕೊಳವೆಯಲ್ಲಿ ನೀರು ಹರಿಯುವ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಅಕ್ಕ ಹತ್ತಿರ ಬಂದು, ಕೀಗಳ ಮೇಲೆ ಬಗ್ಗಿದಳು.

"ಯಾವುದನ್ನ ಒತ್ತಿದ್ದು?"

ಅವಳು ಬೆರಳಿಟ್ಟು ತೋರಿಸಿದಳು. ಆ ಕೀಯ ಮೇಲೆ ಬಾಣದ ಗುರುತು ಸವೆದುಹೋಗಿ ಬಿಳಿಯ ಮಚ್ಚೆಯಷ್ಟೇ ಉಳಿದಿತ್ತು.

"ಇದು ಆರಿದ್ಯೋ ಉರೀತಿದ್ಯೋ ನಂಗೇನು ಗೊತ್ತು," ಎಂದಳು ಅಕ್ಕ. "ಒತ್ತದ ಹಾಗೆ ಮೆಲ್ಲಗೆ, ದಿನಾ ನಾನೇ ಒರೆಸ್ತಿದ್ದೆ."

ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಕೀಗಳ ಮೇಲೆ ಬಿಟ್ಟು, ಬಕೆಟ್ಟನ್ನೂ ಎತ್ತಿಕೊಳ್ಳದೆ ಅಕ್ಕ ಹೊರಗೆ ಹೋದಳು.