ಮೊದಲ ಖೋ

ಚೇಳೂರಿನ ಹುಡುಗಿಯರ ಖೋಖೋ ತಂಡ ಅಂದರೆ ತಾಲ್ಲೂಕಿಗೆಲ್ಲ ತಮಾಷೆ. ತಾಲ್ಲೂಕು ಪಂದ್ಯಕ್ಕೆ ಗುಬ್ಬಿಗೆ ಹೋಗುವುದು, ಮೊದಲ ಸುತ್ತಿನಲ್ಲೇ ಸೋಲುವುದು, ಚಿತ್ರಾನ್ನ ತಿಂದು ವಾಪಸ್ ಬಸ್ಸು ಹತ್ತುವುದು. ಇದನ್ನು ಮಾತ್ರ ಅವರು ಯಾವ ವರ್ಷವೂ ತಪ್ಪಿಸಿರಲಿಲ್ಲ. ತೊಂಬತ್ತೆಂಟರಲ್ಲಿ ಪಿ.ಟಿ. ಮೇಡಂ ಉಮಾಮಹೇಶ್ವರಿ ಆ ತಂಡವನ್ನು ಒಂದು ದಾರಿಗೆ ತಂದರು. ಅಷ್ಟರಲ್ಲಿ ಅವರ ಮಗಳು ಮಂಜುಶ್ರೀ, ತಂಡದ ನಾಲ್ಕನೇ ಚೌಕದಲ್ಲಿ ಕೂರುತ್ತಿದ್ದವಳು, ಮೂರು ದಿನದ ಜ್ವರಕ್ಕೆ ತೀರಿಹೋದಳು. ಹನ್ನೊಂದು ದಿನ ಕಳೆದದ್ದೇ ಮೇಡಂ ಸೀಟಿ ಹಿಡಿದು ಮೈದಾನಕ್ಕೆ ಬಂದರು. ಅತ್ತವರನ್ನೆಲ್ಲ ಎರಡು ಸುತ್ತು ಓಡಿಸಿದರು.

ಆ ಚೌಕಕ್ಕೆ ಬಂದವಳು ತೇಜಸ್ವಿನಿ. ಎರಡು ವರ್ಷ ಉಳಿದವರ ಚಪ್ಪಲಿ ಕಾಯ್ದವಳಿಗೆ ಕೊನೆಗೂ ಜಾಗ ಸಿಕ್ಕಿತ್ತು. ಬಿಟ್ಟುಕೊಡುವ ಮನಸ್ಸು ಸುತರಾಂ ಇರಲಿಲ್ಲ. ಆದರೆ ಆಡಲು ಕೂತಾಗಲೆಲ್ಲ ಎಡವಟ್ಟು. ಖೋಖೋದಲ್ಲಿ ಹಿಂದಿನಿಂದ ಬಂದವಳು ಬೆನ್ನು ಮುಟ್ಟಿ ‘ಖೋ’ ಅಂದ ಮೇಲೆ ತಾನೇ ಏಳಬೇಕು? ಇವಳು ಅದಕ್ಕೂ ಮೊದಲೇ ಎದ್ದುಬಿಡುತ್ತಿದ್ದಳು. ಗುಬ್ಬಿಯಲ್ಲಿ ತಂಡ ಹೇಗೋ ಗೆದ್ದಿತು, ಇವಳ ಫೌಲು ಆರು. “ಇವಳ್ನ ತೆಗೀರಿ ಮೇಡಂ” ಅಂದಳು ಕ್ಯಾಪ್ಟನ್ ಕೃತಿಕಾ.

ಜಿಲ್ಲಾ ಫೈನಲ್ ದಿನ, ತುಮಕೂರಿನ ಮೈದಾನದಲ್ಲಿ, ಮೇಡಂ ಅವಳನ್ನು ಪಕ್ಕಕ್ಕೆ ಕರೆದರು.

“ಯಾಕೆ ಮೊದ್ಲೇ ಏಳ್ತೀಯೇ?”

ಹೇಳಿದರೆ ಹುಚ್ಚಿ ಅನ್ನುತ್ತಾರೆ, ಹೇಳದಿದ್ದರೆ ಜಾಗ ಹೋಗುತ್ತದೆ. ತೇಜಸ್ವಿನಿ ಹೇಳಿಯೇಬಿಟ್ಟಳು. “ಮೊದ್ಲೇ ಒಂದು ಕೈ ಮುಟ್ತೈತೆ ಮೇಡಂ. ತಿರುಗಿ ನೋಡುದ್ರೆ ಯಾರೂ ಇರಲ್ಲ.”

ಮೇಡಂ ನಗಲಿಲ್ಲ, ಗದರಲೂ ಇಲ್ಲ. “ಎಡಗಡೇನೋ, ಬಲಗಡೇನೋ?”

“ಒಂದೊಂದ್ಸಲ ಒಂದೊಂದ್ ಕಡೆ.”

“ಓಡೋಳು ಆ ಕಡೇಗೇ ತಿರುಗ್ತಾಳೆ, ನೋಡ್ಕೋ. ಮೊದಲ್ನೇ ಕೈ ದಾರಿ ತೋರ್ಸಕ್ಕೆ. ಎರಡನೇ ಕೈಗೆ ಏಳು. ನಿನ್ನ ನಾನು ತೆಗೆಯಲ್ಲ ಕಣೇ.”

ಎದುರಿಗೆ ಕುಣಿಗಲ್ ತಂಡ, ಹಿಂದಿನ ವರ್ಷದ ಚಾಂಪಿಯನ್. ಎಡ ಭುಜಕ್ಕೆ ಕೈ ಬಂತು. ತೇಜಸ್ವಿನಿ ಹಲ್ಲುಕಚ್ಚಿ ಕೂತಳು. ಆಮೇಲೆ ಕೃತಿಕಾಳ ಕೈ, ‘ಖೋ’. ಎಡಕ್ಕೆ ಹಾರಿದಳು, ಕುಣಿಗಲ್ ಹುಡುಗಿ ತಾನಾಗಿ ಬಂದು ಸಿಕ್ಕಿದಳು. ಹೀಗೇ ನಾಲ್ಕು ಜನ ಔಟಾದರು. ಜನ ಶಿಳ್ಳೆ ಹೊಡೆಯುತ್ತಿದ್ದರು, ಇವಳಿಗೆ ಮಾತ್ರ ಭಯ. ಹತ್ತಿರ ಯಾರೂ ಇಲ್ಲದಾಗಲೂ ಕಿವಿಯ ಹಿಂದೆ ಯಾರೋ ಉಸಿರಾಡುತ್ತಿದ್ದರು.

ಕೊನೆಯ ನಿಮಿಷ. ಇನ್ನೊಬ್ಬಳು ಸಿಕ್ಕರೆ ಗೆಲುವು. ಗೆರೆಯಾಚೆ ಮೇಡಂ ಎದ್ದು ನಿಂತರು. ಅವರು ನೋಡುತ್ತಿದ್ದುದು ತೇಜಸ್ವಿನಿಯನ್ನಲ್ಲ, ಅವಳ ಬೆನ್ನ ಹಿಂದೆ.

“ಮಂಜೂ, ಸಾಕು ಕಣವ್ವ” ಅಂದರು, ಮನೆಯಲ್ಲಿ ಊಟಕ್ಕೆ ಕರೆದ ಹಾಗೆ. “ಇನ್ನು ಅವಳೇ ಆಡ್ಲಿ. ನೀನು ಹೊರಡು.”

ಕಿವಿಯ ಹಿಂದಿನ ಉಸಿರು ನಿಂತುಹೋಯಿತು. ಮೊದಲ ಕೈ ಬರಲೇ ಇಲ್ಲ. ಬಂದದ್ದು ಕೃತಿಕಾಳ ಬೆವೆತ ಕೈಯೊಂದೇ. ಎಡವೋ ಬಲವೋ, ಹೇಳುವವರಿಲ್ಲ. ತೇಜಸ್ವಿನಿ ಎದುರಿನ ಹುಡುಗಿಯ ಕಾಲನ್ನೇ ನೋಡಿದಳು, ಬಲಕ್ಕೆ ನುಗ್ಗಿದಳು, ಮುಗ್ಗರಿಸಿ ಬೀಳುತ್ತಲೇ ಅವಳ ಹಿಮ್ಮಡಿ ಮುಟ್ಟಿದಳು. ಸೀಟಿ ಮೊಳಗಿತು.

ಹುಡುಗಿಯರು ಅವಳನ್ನು ಎತ್ತಿಕೊಂಡು ಕುಣಿದರು, ಕೃತಿಕಾಳೇ ಎಲ್ಲರಿಗಿಂತ ಮೊದಲು. ಗಲಾಟೆ ಇಳಿದ ಮೇಲೆ ಮೇಡಂ ಹತ್ತಿರ ಬಂದರು. ಮಗಳ ಹೆಣದ ಮುಂದೆಯೂ ಅಳದ ಹೆಂಗಸು. ಈಗ ತೇಜಸ್ವಿನಿಯ ಭುಜ ಹಿಡಿದು ಕೇಳಿದರು.

“ಆ ಕೈ ಸುಡ್ತಿತ್ತೇನೇ?”

ತೇಜಸ್ವಿನಿಗೆ ಮೊದಲು ಅರ್ಥವಾಗಲಿಲ್ಲ. “ಇಲ್ಲ ಮೇಡಂ. ತಣ್ಣಗಿತ್ತು. ಬಾವಿ ನೀರಿನಂಗೆ.”

“ಹಂಗಾದ್ರೆ ಜ್ವರ ಬಿಟ್ಟೈತೆ” ಅಂದರು ಉಮಾಮಹೇಶ್ವರಿ, ಅಲ್ಲೇ ಗೆರೆಯ ಮೇಲೆ ಕುಸಿದು ಕೂತು ಅತ್ತರು.