ಪೋಷಕರ ಸಹಿ

ವೈರ್‌ಲೆಸ್ ಪಾಸ್‌ವರ್ಡಿನ ಅರ್ಜಿಯ ಕೊನೇ ಸಾಲಿಗೆ ಬಂದು ಇಂದುಧರನ ಪೆನ್ನು ನಿಂತಿತು.

"ಪೋಷಕರ ಸಹಿ ಇಲ್ವಲ್ಲ ಮೇಡಂ."

ಭಾಗ್ಯ ಬಗ್ಗಿ ನೋಡಿದಳು. ನಿಜ, ಖಾಲಿ ಇತ್ತು. ಬಾಣಾವರದ ಸರ್ಕಾರಿ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಅಂಕಪಟ್ಟಿ ಹಿಡಿದು ಮಕ್ಕಳಿಗೆ "ನಿಮ್ಮಪ್ಪನ ಸೈನ್ ಎಲ್ಲೋ?" ಅಂತ ಗದರಿಕೊಂಡು ಬಂದವಳು ಅವಳು. ಈಗ ನಲವತ್ತೊಂದನೇ ವಯಸ್ಸಿನಲ್ಲಿ ಅದೇ ಪ್ರಶ್ನೆ ತಿರುಗಿ ಬಂದು ಎದುರಿಗೆ ಕೂತಿತ್ತು.

"ನಾನೇ ಪೋಷಕಿ ಕಣ್ರೀ. ಹತ್ತು ವರ್ಷದ ಮಗಳಿದ್ದಾಳೆ ನನಗೆ."

"ಅದು ಸರಿ ಮೇಡಂ. ಆದರೆ ಇಲ್ಲಿ ನೀವು ವಿದ್ಯಾರ್ಥಿನಿ. ಯಜಮಾನ್ರ ಸಹಿ ಹಾಕಿಸ್ಕೊಂಡು ಬನ್ನಿ, ನಡೆಯುತ್ತೆ."

"ಅವರು ರೈಲ್ವೆಯಲ್ಲಿದ್ದಾರೆ, ಬರೋದು ಸೋಮವಾರ. ಪ್ರಾಜೆಕ್ಟ್ ಹಾಕಬೇಕಾದ್ದು ನಾಳೆ ಸಂಜೆ ಆರಕ್ಕೆ."

ಇಂದುಧರ ಕೆಟ್ಟವನೇನಲ್ಲ. ಅರಸೀಕೆರೆಯ ಈ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವ ಹುದ್ದೆಗೆ ಬಂದು ಮೂರು ತಿಂಗಳಾಗಿತ್ತು. ಪಾಸ್‌ವರ್ಡ್ ಪಡೆದ ಹುಡುಗರು ಎರಡೇ ವಾರದಲ್ಲಿ ಏನೇನೋ ಇಳಿಸಿಕೊಂಡು ಅವನಿಗೆ ಪ್ರಿನ್ಸಿಪಾಲರಿಂದ ಬೈಸಿದ್ದರು. ಪೋಷಕರು ಮುಚ್ಚಳಿಕೆ ಬರೆದು ಸಹಿ ಹಾಕಬೇಕೆಂಬ ಆ ಸಾಲು ಹುಟ್ಟಿದ್ದು ಆಗಲೇ. "ಸಹಿ ಇಲ್ಲದ ಒಂದು ಅರ್ಜಿ ಸಿಕ್ಕರೂ ನನ್ನ ಕೆಲಸ ಹೋಗುತ್ತೆ ಮೇಡಂ," ಎಂದು ಅರ್ಜಿಯನ್ನು ಅವಳ ಕಡೆಗೇ ತಳ್ಳಿದ.

ಎರಡು ಸಾವಿರದ ಒಂಬತ್ತನೇ ಇಸವಿ. ಕಾಲೇಜಿಗೆ ವೈರ್‌ಲೆಸ್ ಬಂದಿದ್ದೇ ಬಂದಿದ್ದು, ಕಡೇ ವರ್ಷದ ಬಿ.ಎ.ಯವರು ಪ್ರಾಜೆಕ್ಟನ್ನು ಕಾಗದದಲ್ಲಿ ಕೊಡುವ ಹಾಗಿಲ್ಲ, ಕಾಲೇಜಿನ ಸರ್ವರಿಗೇ ಹಾಕಬೇಕು ಅಂತಾಯಿತು. ಲ್ಯಾಬು ಹಗಲಿನವರ ಪ್ರಾಕ್ಟಿಕಲ್ಸ್‌ಗೆ ಹೋಗಿತ್ತು. ಸಂಜೆ ತರಗತಿಯವರು ತಮ್ಮ ತಮ್ಮ ಕಂಪ್ಯೂಟರ್ ತಂದು ಜೋಡಿಸಿಕೊಳ್ಳಬೇಕು. ಭಾಗ್ಯಳ ಹತ್ತಿರ ಇದ್ದದ್ದು ಯಾರೋ ಬಳಸಿ ಬಿಟ್ಟ, ರುಬ್ಬುಗುಂಡಿನಷ್ಟು ಭಾರದ ಲ್ಯಾಪ್‌ಟಾಪ್. ಬ್ಯಾಟರಿ ಸತ್ತು ಯಾವ ಕಾಲವೋ. ಗೋಡೆಗೆ ಚುಚ್ಚಿದರೆ ಮಾತ್ರ ಜೀವ. ಹಳೇಬೀಡಿನ ಸುತ್ತಿನ ಕಲ್ಯಾಣಿಗಳ ಮೇಲೆ ಅವಳು ಎರಡು ವರ್ಷ ಭಾನುವಾರಗಳನ್ನೆಲ್ಲ ಸುರಿದು ಬರೆದದ್ದು, ತೆಗೆದ ಅರವತ್ತೆರಡು ಫೋಟೋ, ಎಲ್ಲ ಅದರೊಳಗಿತ್ತು. ನಾಳೆ ಹಾಕದಿದ್ದರೆ ಈ ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ. ಪದವಿಯಿಲ್ಲದೆ ಹೈಸ್ಕೂಲಿಗೆ ಬಡ್ತಿಯಿಲ್ಲ. ಇನ್ನೊಂದು ವರ್ಷ ಹೀಗೇ ಐದಕ್ಕೆ ಎದ್ದು, ಅಡುಗೆ ಮಾಡಿಟ್ಟು, ಬಸ್ಸು ಹಿಡಿದು, ಶಾಲೆ ಮುಗಿಸಿ, ಮತ್ತೆ ಇಲ್ಲಿ ಬಂದು ಬೆಂಚಿನ ಮೇಲೆ ತೂಕಡಿಸುವ ಶಕ್ತಿ ತನ್ನಲ್ಲಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು.

ಮನೆಗೆ ಬಂದು ಹೇಳಿದಾಗ ಮಗಳು ಚಿತ್ರಾ ಬಿದ್ದೂ ಬಿದ್ದೂ ನಕ್ಕಳು. "ನಾನೇ ಹಾಕ್ತೀನಿ ಕೊಡಮ್ಮ. ನನ್ನ ಕಾರ್ಡಿಗೆ ನೀನು ಹಾಕಲ್ವಾ?"

ಶನಿವಾರ ಅರ್ಧ ದಿನದ ಶಾಲೆ. ಗಂಟೆ ಹೊಡೆದಿದ್ದೇ ತಡ ಭಾಗ್ಯ ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿಕೊಂಡು ಅರಸೀಕೆರೆಗೆ ಬಂದು, ಅಲ್ಲಿಂದ ತವರೂರು ಕಣಕಟ್ಟೆಯ ಬಸ್ಸು ಹತ್ತಿದಳು. ಅವ್ವ ಮಾರಮ್ಮ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಏನವ್ವ, ಹೊತ್ತಲ್ಲದ ಹೊತ್ತಲ್ಲಿ? ಮಗೀಗೆ ಹುಷಾರಾಗೈತಾ?"

"ಎಲ್ಲ ಚೆನ್ನಾಗಿದ್ದಾರೆ. ಕಾಲೇಜಲ್ಲಿ ನಿನ್ನ ಹೆಬ್ಬೆಟ್ಟು ಕೇಳ್ತಾವ್ರೆ."

ಮಾರಮ್ಮ ಬೀಜ ಬಿಡಿಸುವುದನ್ನು ನಿಲ್ಲಿಸಿದಳು. "ಅಂಥಾದ್ದೇನೇ ಮಾಡ್ದೆ ನೀನು?"

"ಏನೂ ಮಾಡಿಲ್ಲ ಕಣವ್ವ. ಮುಂದೆ ಮಾಡಬಾರದು ಅಂತ ಬರೆಸ್ಕೋತಾರೆ. ಒತ್ತಿಬಿಡು, ಎರಡೂವರೆ ಬಸ್ಸಿಗೆ ವಾಪಸ್ ಹೋಗಬೇಕು."

"ಎಲ್ಲಿ ಒತ್ತೋದು? ಈ ಮನೇಲಿ ಮಸಿ ಐತಾ? ಒಂದ್ನೇ ಕ್ಲಾಸಿಗೆ ನಿನ್ನ ಸೇರ್ಸಕ್ಕೆ ಹೋದಾಗ್ಲೂ ಆ ಮೇಷ್ಟ್ರು, ಕಣ್ಮುಂದೆ ಒತ್ತಿದ್ರೇನೇ ಒಪ್ಪೋದು ಅಂದಿದ್ರು." ಮಾರಮ್ಮ ಎದ್ದು ಸೆರಗು ಕೊಡವಿದಳು. "ತಡಿ, ನಾನೇ ಬತ್ತೀನಿ."

ಬಸ್ಸಿನಲ್ಲಿ ಭಾಗ್ಯಳಿಗೆ ಸೀಟು ಸಿಗಲಿಲ್ಲ. ಮಾರಮ್ಮ ಕೂತು, ಆ ಭಾರದ ಚೀಲವನ್ನು ಎಳೆಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡಳು. ಕಂಬಿ ಹಿಡಿದು ನಿಂತೇ ಮಗಳು ಎರಡು ಸಲ ನಿದ್ದೆಗೆ ಜಾರಿ ಮುಗ್ಗರಿಸಿದ್ದನ್ನು ಕಂಡಳು.

ನಾಲ್ಕೂಕಾಲಿಗೆ ಇಂದುಧರನ ಕೋಣೆ. ಎದುರಿಗೆ ನಿಂತ ಎಪ್ಪತ್ತರ ಮುದುಕಿಯನ್ನು ನೋಡಿ ಅವನು ಕುರ್ಚಿಯಿಂದ ಅರ್ಧ ಎದ್ದ.

"ಇವರು..."

"ನನ್ನ ಪೋಷಕರು," ಎಂದಳು ಭಾಗ್ಯ.

ಆಫೀಸಿನಿಂದ ನೇರಳೆ ಮಸಿಯ ಡಬ್ಬಿ ಬಂತು. ಮಾರಮ್ಮ ಕೈ ಚಾಚಲಿಲ್ಲ. "ಅದ್ರಾಗೇನ್ ಬರ್ದೈತೆ? ಓದಪ್ಪ ಮೊದ್ಲು."

ಇಂದುಧರ ಗಂಟಲು ಸರಿಮಾಡಿಕೊಂಡು ಓದಿದ. "ನನ್ನ ಮಗ ಅಥವಾ ಮಗಳು ಈ ಸಂಪರ್ಕವನ್ನು ಓದಿನ ಕೆಲಸಕ್ಕೆ ಮಾತ್ರ ಬಳಸತಕ್ಕದ್ದು. ಕಾಲೇಜಿನ ಆವರಣದಲ್ಲಿ ಅವರ ನಡವಳಿಕೆಗೆ ನಾನೇ ಜವಾಬ್ದಾರಿಯಾಗಿರುತ್ತೇನೆ."

"ಇವಳಿಗೆ ನಾನು ಜವಾಬ್ದಾರಿ?"

"ಹೌದಮ್ಮ, ಕಾಲೇಜಿನ ಒಳಗೆ."

"ಹಂಗಾದ್ರೆ ಸರಿ." ಮಾರಮ್ಮ ಹೆಬ್ಬೆಟ್ಟನ್ನು ಮಸಿಗೆ ಅದ್ದಿ, ಬಾಗಿಲ ಅಗುಳಿ ಹಾಕುವವಳ ಹಾಗೆ ಬಲವಾಗಿ ಒತ್ತಿದಳು.

ಇಂದುಧರ ಲ್ಯಾಪ್‌ಟಾಪಿಗೆ ವೈರ್‌ಲೆಸ್ ಹಿಡಿಯುವ ಬೆರಳುದ್ದದ ಸಾಧನವೊಂದನ್ನು ಸಿಕ್ಕಿಸಿ, ಅದರ ಮೇಲಿನ ನಂಬರನ್ನು ತನ್ನ ಕಂಪ್ಯೂಟರಿಗೆ ಹೊಡೆದುಕೊಂಡು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟ. "ಲೈಬ್ರರಿ ಪಡಸಾಲೆಗೆ ಹೋಗಿ ಮೇಡಂ, ಸಿಗ್ನಲ್ ಚೆನ್ನಾಗಿ ಸಿಗೋದು ಅಲ್ಲೇ. ಕಳಿಸುವಾಗ ಕಾಣೋ ಹಸಿರು ಗೆರೆ ಪೂರ್ತಿ ತುಂಬಿದ ಮೇಲೆ 'ಸಬ್ಮಿಟ್' ಒತ್ತಲೇಬೇಕು. ಒತ್ತದೆ ಇದ್ರೆ ಹೋಗಿಲ್ಲ ಅಂತಲೇ ಲೆಕ್ಕ. ಆರಕ್ಕೆ ಸರ್ವರ್ ಮುಚ್ಚುತ್ತೆ."

ಪಡಸಾಲೆಯ ಕಂಬದ ಪಕ್ಕ ಪ್ಲಗ್ ಇತ್ತು. ನೆಲದ ಮೇಲೆ ಕೂತು ಭಾಗ್ಯ ಪಾಸ್‌ವರ್ಡ್ ಹೊಡೆದಳು. ತಪ್ಪಾಯಿತು. ಮತ್ತೆ ಹೊಡೆದಳು. ಮೂರನೇ ಸಲಕ್ಕೆ ಮೂಲೆಯಲ್ಲಿ ನಾಲ್ಕು ಪುಟ್ಟ ಗೆರೆಗಳು ಒಂದರ ಹಿಂದೆ ಒಂದು ಎದ್ದು ನಿಂತವು. ಕಲ್ಯಾಣಿಗಳ ಕಡತವನ್ನು ಆರಿಸಿ ಕಳಿಸಿದಳು. ಹಸಿರು ಗೆರೆ ಒಂದು ಕಾಳಿನಷ್ಟು ಸರಿದು ನಿಂತಿತು. ಆಮೇಲೆ ಇನ್ನೊಂದು ಕಾಳು.

"ಎಷ್ಟೊತ್ತು ಹಿಡಿತೈತೆ?"

"ಫೋಟೋ ಜಾಸ್ತಿ ಅವೆ. ಮುಕ್ಕಾಲು ಗಂಟೆ ಆಗಬಹುದು." ಭಾಗ್ಯ ಕಂಬಕ್ಕೆ ಒರಗಿದಳು. "ಅವ್ವ, ಈ ಹಸಿರು ಈ ತುದಿ ಮುಟ್ಟಿದ ತಕ್ಷಣ ನನ್ನ ಎಬ್ಬಿಸು. ತಕ್ಷಣ. ಮುಟ್ಟಬೇಡ ಏನೂ."

"ನಾನ್ಯಾಕೆ ಮುಟ್ಟಲಿ? ಮಲಕ್ಕೋ."

ಭುಜ ಅಲುಗಿದಾಗ ಭಾಗ್ಯಳಿಗೆ ಮೊದಲು ಕಂಡದ್ದು ಪಡಸಾಲೆಯ ಉದ್ದಕ್ಕೆ ಚಾಚಿದ್ದ ಕಂಬದ ನೆರಳು. ಆಮೇಲೆ ಗೋಡೆಯ ಗಡಿಯಾರ. ಐದು ನಲವತ್ತು.

"ಈಗ ತುಂಬಿತಾ?"

"ಆವಾಗ್ಲೇ ತುಂಬ್ತು. ಐದು ಗಂಟೆ ಆಗಿತ್ತೇನೋ."

ಭಾಗ್ಯ ಕೈ ಮುಂದೆ ಮಾಡಿ 'ಸಬ್ಮಿಟ್' ಒತ್ತಿದಳು. ಪರದೆ ಬೆಳ್ಳಗಾಯಿತು, ಬಹಳ ಹೊತ್ತು ಬೆಳ್ಳಗೇ ಇತ್ತು. ಕೊನೆಗೆ ಅವಳ ಹೆಸರು, ರಿಜಿಸ್ಟರ್ ನಂಬರು, ಕೆಳಗೆ 'ಸ್ವೀಕರಿಸಲಾಗಿದೆ'.

ಅದಾದ ಮೇಲೆ ಸಿಟ್ಟು ಬಂತು. "ತಕ್ಷಣ ಎಬ್ಬಿಸು ಅಂದಿದ್ನಲ್ಲವ್ವ! ಕರೆಂಟ್ ಹೋಗಿದ್ರೆ? ಎರಡು ವರ್ಷದ್ದು ಕಣೆ ಇದು!"

"ಆ ಅರ್ಜಿ ಓದಿದ ಹುಡುಗನ್ನ ಮೂರು ಕಿತ ಕೇಳ್ಕೊಂಡು ಬಂದೆ, ಟೈಮೆಷ್ಟಪ್ಪ, ಕರೆಂಟ್ ಯಾವಾಗ ತೆಗಿತಾರಪ್ಪ ಅಂತ. ಆರರ ತಂಕ ತೆಗಿಯಲ್ಲ ಅಂದ. ಬಾಯಿ ತಕ್ಕೊಂಡು ಮಲಗಿದ್ದೆ ನೀನು. ಕೂಗಕ್ಕೆ ಮನಸಾಗ್ಲಿಲ್ಲ." ಮಾರಮ್ಮ ಮಸಿ ಹತ್ತಿದ ಹೆಬ್ಬೆಟ್ಟನ್ನು ಎತ್ತಿ ತೋರಿಸಿದಳು. "ಇಲ್ಲಿರೋಗಂಟ ನಾನೇ ಜವಾಬ್ದಾರಿ ಅಂತ ಓದಿದ್ನಲ್ಲ ಅವ್ನು."

ಭಾಗ್ಯ ವೈರು ಸುತ್ತತೊಡಗಿದಳು. ಆರೂವರೆ ಬಸ್ಸಿಗೆ ಅವ್ವನನ್ನು ಹತ್ತಿಸಬೇಕು. ಇಲ್ಲ, ಇವತ್ತು ಇಲ್ಲೇ ಉಳಿಸಿಕೊಳ್ಳಬೇಕು. ಹಾಗಾದರೆ ಅಕ್ಕಿ ಇನ್ನೊಂದು ಹಿಡಿ ಜಾಸ್ತಿ ಹಾಕಬೇಕು. ಚೀಲ ಎತ್ತಿಕೊಳ್ಳುವಾಗ ಹೆಗಲ ಮೇಲೆ ಕಣ್ಣು ಬಿತ್ತು. ಬೆಳಿಗ್ಗೆ ತಾನೇ ಇಸ್ತ್ರಿ ಮಾಡಿ ಉಟ್ಟಿದ್ದ ಶಾಲೆಯ ಸೀರೆಯ ಮೇಲೆ, ಅಲುಗಿಸಿ ಎಬ್ಬಿಸಿದ ಜಾಗದಲ್ಲಿ, ನೇರಳೆ ಬಣ್ಣದ ಒಂದು ಹೆಬ್ಬೆಟ್ಟು.

"ಅಯ್ಯೋ, ಸೀರೆಗೂ ಒತ್ಬಿಟ್ನಾ," ಎಂದಳು ಮಾರಮ್ಮ. "ಸೋಪ್ ಹಾಕಿ ಉಜ್ಜಿದ್ರೆ ಹೋಗ್ತದೆ ಬಿಡು."

"ಇರಲಿ ನಡಿ," ಎಂದಳು ಭಾಗ್ಯ.